ಲೆನ್ಸ್ ಕೊಳ್ಳುವ ಮೊದಲು ಮಾಗಡಿ ಕೆರೆಗೆ ಹೋಗಿ

ವನ್ಯಜೀವಿ ಕ್ಯಾಮೆರಾಮನ್ ಆಗಬೇಕೆಂಬ ಹುಡುಗರು ಫೋನ್ ಮಾಡಿದರೆ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ: "ಸರ್, ಯಾವ ಲೆನ್ಸ್ ತಗೋಬೇಕ್ರಿ?" ಮೊನ್ನೆ ಹಾವೇರಿ ಕಡೆಯ ಒಬ್ಬ ಹುಡುಗನ ಅಪ್ಪ ಅದಕ್ಕಾಗಿ ಸೊಸೈಟಿಯಲ್ಲಿ ಸಾಲ ಕೇಳಿ ಬಂದಿದ್ದರು. ಸಾಲ ಬೇಡವೇ ಬೇಡ ಅಂದೆ. ಎರಡು ದಿನಕ್ಕೆ ಬೇಕಾದ ಲೆನ್ಸ್ ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಮೊದಲು ಒಂದು ಚಳಿಗಾಲ ಮಾಗಡಿ ಕೆರೆಯ ದಂಡೆಯಲ್ಲಿ ಕೂತು ಬರಲಿ.

ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಈ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ. ನನ್ನ ಮೊದಲ ವರ್ಷ ನಾನು ಹಾರುವ ಹಿಂಡನ್ನಷ್ಟೇ ತೆಗೆದೆ. ಆಕಾಶದ ತುಂಬ ಹಕ್ಕಿ, ನೋಡಲು ಚಂದ. ಎಡಿಟರ್ ಎಲ್ಲವನ್ನೂ ನೋಡಿ ಕೇಳಿದ್ದು ಎರಡೇ ಮಾತು: "ಎಲ್ಲಿಂದ ಎದ್ದವು? ಎಲ್ಲಿ ಇಳಿದವು?" ನನ್ನ ಹತ್ತಿರ ಎರಡೂ ಇರಲಿಲ್ಲ. ಆ ಚಳಿಗಾಲದ ಕೆಲಸದಲ್ಲಿ ಒಂದು ಶಾಟೂ ಬಳಕೆಯಾಗಲಿಲ್ಲ. ನನಗೆ ಅದು ಬಹಳ ನೋವಾಯಿತು.

ಫೋಟೋಗೆ ಒಂದು ಕ್ಷಣ ಸಾಕು. ವಿಡಿಯೋಗೆ ಆ ಕ್ಷಣದ ಹಿಂದೂ ಮುಂದೂ ಬೇಕು. ಕೆರೆ ಪೂರ್ತಿ ಕಾಣುವ ವೈಡ್, ಹಿಂಡನ್ನಷ್ಟೇ ಹಿಡಿಯುವ ಮಿಡ್ ಶಾಟ್, ಒಂದೇ ಹಕ್ಕಿಯ ಕಣ್ಣಿನ ಕ್ಲೋಸಪ್, ನೀರು ಚಿಮ್ಮುವ ಕಾಲು, ತಲೆಯೆತ್ತಿ ನೋಡುವ ಪಕ್ಕದ ಬೆಳ್ಳಕ್ಕಿ: ಇವೆಲ್ಲ ಇದ್ದರೆ ಮಾತ್ರ ಎಡಿಟರ್ ಶಾಟ್‌ಗಳನ್ನು ಒಂದರ ಹಿಂದೊಂದು ಜೋಡಿಸಿ ಒಂದು ಸೀಕ್ವೆನ್ಸ್ ಕಟ್ಟಬಲ್ಲ.

ಮರುವರ್ಷ ಕ್ಯಾಮೆರಾ ಬ್ಯಾಗಿನಿಂದ ತೆಗೆಯದೆ ನಾಲ್ಕು ದಿನ ಬರೀ ನೋಡಿದೆ. ಏಳುವ ಮೊದಲು ಹೆಬ್ಬಾತುಗಳ ಗದ್ದಲ ಏರುತ್ತದೆ. ಒಂದು ಹಕ್ಕಿ ತಲೆ ಕೊಡವುತ್ತದೆ, ಪಕ್ಕದ್ದೂ ಕೊಡವುತ್ತದೆ, ಅದು ಹಿಂಡಿನಲ್ಲಿ ಹರಡುತ್ತದೆ. ಆಗಲೇ ರೆಕಾರ್ಡ್ ಒತ್ತಿರಬೇಕು. ರೆಕ್ಕೆ ಬಿಚ್ಚಿದ ಮೇಲೆ ಒತ್ತಿದರೆ ತಡವಾಯಿತು. ಇನ್ನೊಂದು, ಅವು ಗಾಳಿಗೆ ಎದುರಾಗಿ ಏಳುತ್ತವೆ. ಗಾಳಿ ನಿಮ್ಮ ಬೆನ್ನಿಗೆ ಬೀಸುವ ಕಡೆ ಕೂತರೆ ಹಿಂಡು ನಿಮ್ಮತ್ತ ಮುಖ ಮಾಡಿ ಏಳುತ್ತದೆ. ಅದನ್ನು ಸೆಕೆಂಡಿಗೆ 100 ಫ್ರೇಮಿನಲ್ಲಿ ತೆಗೆದು 25ರಲ್ಲಿ ಓಡಿಸಿದರೆ ಎಲ್ಲ ನಾಲ್ಕು ಪಟ್ಟು ನಿಧಾನವಾಗಿ, ನೀರಿನಿಂದ ಬಿಡಿಸಿಕೊಳ್ಳುವ ಪ್ರತಿ ಹೆಜ್ಜೆಯೂ ಕಾಣುತ್ತದೆ. ಎಲ್ಲಿ ಇಳಿಯುತ್ತವೆ ಎಂಬುದನ್ನು ತೋರಿಸಿಕೊಟ್ಟವರು ಕೆರೆ ಪಕ್ಕದ ರೈತರೊಬ್ಬರು. "ಬರ್ರೀ ಸರ, ನಮ್ಮ ಕಡ್ಲಿ ಹೊಲಕ್ಕ ದಿನಾ ಬರ್ತಾವ" ಅಂದರು. ಅವರ ಬೆಳೆಗೆ ನಷ್ಟವಿತ್ತು, ಆದರೂ ಬದುವಿನ ಮೇಲೆ ಕೂರಲು ಜಾಗ ಕೊಟ್ಟರು. ಅಂಥವರ ಋಣ ನಮ್ಮ ಕೆಲಸದಲ್ಲಿ ದೊಡ್ಡದು.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ್ದು ಬೇರೆ ಪಾಠ. ನಮ್ಮ ಕಡೆ ಚಿಗರಿ ಅಂತೀವಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರು. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ನೆಲದ ಕಾವಿಗೆ ಗಾಳಿ ನಡುಗುತ್ತದೆ, ದೂರದ ಚಿಗರಿ ನೀರಿನಲ್ಲಿ ಅಲುಗಾಡಿದಂತೆ ಕಾಣುತ್ತದೆ. ಎಷ್ಟು ಬೆಲೆಯ ಲೆನ್ಸ್ ಹಾಕಿದರೂ ಅದು ಹೋಗದು. ಹತ್ತಿರವಿರಬೇಕು, ಬೆಳಗಿನ ಎಳೆಬಿಸಿಲಿನಲ್ಲೇ ಕೆಲಸ ಮುಗಿಸಬೇಕು. ತನ್ನ ಜಾಗ ಕಾಯುವ ಗಂಡು ಚಿಗರಿ ಮತ್ತೆ ಮತ್ತೆ ಒಂದೇ ಕಡೆ ಹಿಕ್ಕೆ ಹಾಕುತ್ತದೆ. ಆ ಗುಡ್ಡೆ ಗುರುತಿಸಿಕೊಂಡು, ಬೆಳಕು ಹರಿಯುವ ಮೊದಲೇ ಸುಮ್ಮನೆ ಕೂತರೆ ಬೆನ್ನಟ್ಟುವ ಪ್ರಸಂಗವೇ ಬರುವುದಿಲ್ಲ. ಜೀಪಿನಲ್ಲಿ ಓಡಿಸಿ ತೆಗೆದ ಚಿಗರಿಯ ಕಣ್ಣಿನಲ್ಲಿ ಭಯ ಕಾಣುತ್ತದೆ, ಅಂಥ ಶಾಟನ್ನು ನಾನು ಮುಟ್ಟುವುದಿಲ್ಲ.

ಅಭಯಾರಣ್ಯದೊಳಗೆ ಚಿತ್ರೀಕರಣಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಲಿಖಿತ ಅನುಮತಿ ಬೇಕು. 2019ರಲ್ಲಿ ಅಭಯಾರಣ್ಯವಾದ ಕಪ್ಪತಗುಡ್ಡಕ್ಕೂ ಅಷ್ಟೇ. ಕೂತ ಹಿಂಡಿನ ಮೇಲೆ ಡ್ರೋನ್ ಹಾರಿಸುವುದಂತೂ ಬೇಡ.

ಇನ್ನು ಹೊಟ್ಟೆಪಾಡು. ಮೊದಲ ಕೆಲವು ವರ್ಷ ಇದೊಂದರಿಂದಲೇ ಮನೆ ನಡೆಯುವುದಿಲ್ಲ. ಮದುವೆ ವಿಡಿಯೋ ಮಾಡಿ, ಅದರಲ್ಲಿ ಅವಮಾನವೇನಿಲ್ಲ. ಅಕ್ಷತೆ ಬೀಳುವ ಗಳಿಗೆಗೆ ರೀಟೇಕ್ ಇಲ್ಲ, ಕಾಡಿನಲ್ಲೂ ಇಲ್ಲ. ದೊಡ್ಡ ತಂಡದೊಳಗೆ ಹೋಗುವ ದಾರಿ ಬಹುಪಾಲು ಅಸಿಸ್ಟೆಂಟ್ ಕೆಲಸದಿಂದಲೇ: ಟ್ರೈಪಾಡ್ ಹೊರುವುದು, ಬ್ಯಾಟರಿ ಚಾರ್ಜ್ ಮಾಡುವುದು, ರಾತ್ರಿ ಮೆಮೊರಿ ಕಾರ್ಡ್ ಕಾಪಿ ಮಾಡುವುದು. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿದರೆ ಒಂದು ತಾಸಿಗೆ 45 ಜಿಬಿ ಆಗುತ್ತದೆ. ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಎರಡನ್ನೂ ಬೇರೆ ಬೇರೆ ಬ್ಯಾಗಿನಲ್ಲಿಟ್ಟು, ಫೈಲ್ ತೆರೆದು ನೋಡಿದ ಮೇಲೆಯೇ ಕಾರ್ಡ್ ಖಾಲಿ ಮಾಡುವವನನ್ನು ತಂಡ ಮತ್ತೆ ಕರೆಯುತ್ತದೆ. ನನ್ನನ್ನು ಎರಡನೇ ಸಲ ಕರೆದದ್ದು ಈ ಕೆಲಸಕ್ಕೇ.

ಹುಡುಗರು ಸಂಗೀತ ಹಾಕಿದ ಮೂರು ನಿಮಿಷದ ಶೋರೀಲ್, ಅಂದರೆ ತಮ್ಮ ಕೆಲಸದ ತುಣುಕುಗಳ ವಿಡಿಯೋ, ಕಳಿಸುತ್ತಾರೆ, ಅದರಲ್ಲಿ ಹುಲಿ, ಆನೆ, ಮಂಗಟ್ಟೆ ಎಲ್ಲ ಇರುತ್ತವೆ. ಹಾವೇರಿಯ ಹುಡುಗನಿಗೆ ನಾನು ಕೇಳಿದ್ದು ಒಂದೇ ಪ್ರಾಣಿಯ ಹತ್ತು ಶಾಟ್, ಸಂಗೀತವಿಲ್ಲದೆ. ಮನೆಯ ಹಿಂದಿನ ಹೊಲದಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟಿದೆಯಂತೆ. ಬಿಸಿಲಿನಲ್ಲಿ ಅದು ಎದೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಅದನ್ನು ತೆಗಿ, ಆದರೆ ಹಕ್ಕಿ ಮೊಟ್ಟೆ ಬಿಟ್ಟು ಎದ್ದರೆ ಹಿಂದೆ ಸರಿ, ಅದು ತಿರುಗಿ ಬಂದು ಕೂರುವವರೆಗೆ ಕ್ಯಾಮೆರಾ ಮುಟ್ಟಬೇಡ ಅಂತ ಹೇಳಿದ್ದೇನೆ.