‘ವಾಕ್ ಆನ್ ದ ವೈಲ್ಡ್ ಸೈಡ್’ ಹಾಡಿನಲ್ಲಿರುವುದು ಯಾವ ಬೇಸ್?

ಓದುಗರ ಪ್ರಶ್ನೆ: ಅಮೆರಿಕದ ಗಾಯಕ ಲೂ ರೀಡ್ ಅವರ ‘ವಾಕ್ ಆನ್ ದ ವೈಲ್ಡ್ ಸೈಡ್’ ಹಾಡಿನ ಆ ಜಾರುವ ಬೇಸ್ ನುಡಿಸಿದ್ದು ಯಾವ ಫ್ರೆಟ್‌ಲೆಸ್ (ನೆಕ್ ಮೇಲೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿಲ್ಲದ) ಬೇಸ್‌ನಲ್ಲಿ? ಯಾವ ತಂತಿ ಹಾಕಿದರೆ ಆ ನಾದ ಬರುತ್ತದೆ? ಸ್ವರಗಳನ್ನೆಲ್ಲ ಸರಿಯಾಗಿಯೇ ನುಡಿಸುತ್ತಿದ್ದೇನೆ, ಆದರೂ ಹಾಡಿನ ಹಾಗೆ ಕೇಳಿಸುವುದಿಲ್ಲ.

ಉತ್ತರ: ಯಾವ ತಂತಿ ಹಾಕಿದರೂ ಬರುವುದಿಲ್ಲ. ಅಲ್ಲಿರುವುದು ಒಂದು ಬೇಸ್ ಅಲ್ಲ, ಎರಡು. ಕೆಳಗೆ ಡಬಲ್ ಬೇಸ್, ಅಂದರೆ ನಿಲ್ಲಿಸಿಕೊಂಡು ನುಡಿಸುವ ಮರದ ದೊಡ್ಡ ಬೇಸ್, ಅದರ ಮೇಲೆ ಬೇಸ್ ಗಿಟಾರ್. ಎರಡನ್ನೂ ನುಡಿಸಿದವರು ಹರ್ಬಿ ಫ್ಲವರ್ಸ್ ಒಬ್ಬರೇ. ಮೊದಲು ಒಂದು, ಅದನ್ನು ಕೇಳಿಸಿಕೊಳ್ಳುತ್ತ ಬೇರೆ ಟ್ರ್ಯಾಕ್‌ನಲ್ಲಿ ಇನ್ನೊಂದು. ಇದನ್ನು ಎಷ್ಟು ಸಲ ಹೇಳಿದರೂ ಪ್ರಶ್ನೆ ಅದೇ ವೇಷದಲ್ಲಿ ಮರಳಿ ಬರುತ್ತದೆ: ಯಾವ ಫ್ರೆಟ್‌ಲೆಸ್, ಯಾವ ಕಂಪನಿ, ಯಾವ ತಂತಿ? ಆದ್ದರಿಂದ ಈ ಸಲ ಬುಡದಿಂದಲೇ ಶುರು ಮಾಡೋಣ.

‘ಟ್ರಾನ್ಸ್‌ಫಾರ್ಮರ್’ ಆಲ್ಬಂ 1972ರ ಆಗಸ್ಟ್‌ನಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾಯಿತು. ನಿರ್ಮಾಪಕರು ಡೇವಿಡ್ ಬೋವಿ ಮತ್ತು ಮಿಕ್ ರಾನ್ಸನ್, ಎಂಜಿನಿಯರ್ ಕೆನ್ ಸ್ಕಾಟ್. ಫ್ಲವರ್ಸ್ ಅಲ್ಲಿಗೆ ಬಂದದ್ದು ಸೆಷನ್ ವಾದಕರಾಗಿ, ಅಂದರೆ ಕರೆ ಬಂದ ದಿನ ಬಂದು, ನುಡಿಸಿ, ಸಂಭಾವನೆ ಪಡೆದು ಹೋಗುವವರಾಗಿ. ರಾಯಲ್ ಏರ್ ಫೋರ್ಸ್‌ನ ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಿದ್ದವರು, ಎರಡನೆಯ ವಾದ್ಯವಾಗಿ ಡಬಲ್ ಬೇಸ್ ಹಿಡಿದವರು, ಆಮೇಲೆ ಬೇಸ್ ಗಿಟಾರಿಗೆ ಬಂದವರು. ಇದೇ ಆಲ್ಬಮ್ಮಿನಲ್ಲಿ ಕೇಳುವ ಟ್ಯೂಬಾ ಕೂಡ ಅವರದ್ದೇ. ಕೆಲವು ಹಾಡುಗಳಲ್ಲಿ ಬೇಸ್ ನುಡಿಸಿದವರು ಕ್ಲಾಸ್ ಫೋರ್ಮನ್, ಆದ್ದರಿಂದ ಆಲ್ಬಮ್ಮಿನ ಬೇಸನ್ನೆಲ್ಲ ಫ್ಲವರ್ಸ್ ಲೆಕ್ಕಕ್ಕೆ ಬರೆಯಬೇಡಿ. ನೀವು ಕೇಳಿದ ಹಾಡಿನದು ಮಾತ್ರ ಪೂರ್ತಿ ಅವರದ್ದು.

ಈಗ ‘ಒಂದೇ ಫ್ರೆಟ್‌ಲೆಸ್ ಬೇಸ್’ ಎಂಬ ನಂಬಿಕೆಗೆ ಬರೋಣ. ಇದು ಸುಮ್ಮನೆ ಹುಟ್ಟಿಕೊಂಡದ್ದಲ್ಲ, ಹುಟ್ಟಲು ಮೂರು ಗಟ್ಟಿ ಕಾರಣಗಳಿವೆ. ಅವನ್ನು ಬಿಡಿಸಿ ನೋಡದೆ ನಂಬಿಕೆ ಹೋಗುವುದಿಲ್ಲ.

ಮೊದಲನೆಯದು ನಮ್ಮ ಕಿವಿಯ ಸ್ವಭಾವ. ಒಟ್ಟಿಗೆ ಹೊರಟು, ಒಂದೇ ದಿಕ್ಕಿಗೆ ಜಾರಿ, ಒಟ್ಟಿಗೆ ನಿಲ್ಲುವ ಎರಡು ಸ್ವರಗಳನ್ನು ಕಿವಿ ಒಂದೇ ವಾದ್ಯದ ಲೆಕ್ಕಕ್ಕೆ ಹಾಕುತ್ತದೆ. ಈ ಹಾಡಿನ ಎರಡು ಬೇಸ್‌ಗಳು ಮಾಡುವುದೂ ಅದನ್ನೇ. ಹಾಡಿನ ಹೆಚ್ಚು ಭಾಗ ಸಿ ಮತ್ತು ಎಫ್ ಎಂಬ ಎರಡೇ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ನಡುವೆ ಓಡಾಡುತ್ತದೆ. ಡಬಲ್ ಬೇಸ್ ಸಿ ಹಿಡಿದಾಗ ಬೇಸ್ ಗಿಟಾರ್ ಅದರ ಮುಂದಿನ ಸ್ಥಾಯಿಯ ಇ ಹಿಡಿಯುತ್ತದೆ. ಡಬಲ್ ಬೇಸ್ ಎಫ್‌ಗೆ ಹೋದಾಗ ಬೇಸ್ ಗಿಟಾರ್ ಎ ಸ್ವರಕ್ಕೆ ಹೋಗುತ್ತದೆ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ, ಸಿ ಷಡ್ಜವಾದರೆ ಮೇಲಿನದು ಮುಂದಿನ ಸ್ಥಾಯಿಯ ಅಂತರ ಗಾಂಧಾರ. ಕೆಳಗಿನದು ಶುದ್ಧ ಮಧ್ಯಮಕ್ಕೆ ಹೋದರೆ ಮೇಲಿನದು ಚತುಶ್ರುತಿ ಧೈವತಕ್ಕೆ. ಎರಡು ಕಡೆಯೂ ಅಂತರ 16 ಅರ್ಧಸ್ವರ. ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ಟೆಂತ್ ಎನ್ನುತ್ತಾರೆ.

ಎರಡನೆಯದು ಸ್ಪೀಕರ್. ಕೆಳಗಿನ ಸಿ ಸುಮಾರು 65 ಹರ್ಟ್ಸ್, ಎಫ್ ಸುಮಾರು 87. ಮೇಲಿನ ಇ ಸುಮಾರು 165, ಎ 220. ಫೋನಿನ ಪುಟ್ಟ ಸ್ಪೀಕರ್ 65 ಹರ್ಟ್ಸನ್ನು ಹೊರಡಿಸುವುದೇ ಇಲ್ಲ ಎನ್ನಬಹುದು. ಫೋನಿನಲ್ಲಿ ಕೇಳಿದವರಿಗೆ ಡಬಲ್ ಬೇಸ್ ಬಹುತೇಕ ಮಾಯವಾಗಿ, ಮೇಲಿನ ಬೇಸ್ ಗಿಟಾರ್ ಒಂದೇ ಉಳಿಯುತ್ತದೆ. ಅವರು ‘ನನಗೆ ಒಂದೇ ಕೇಳುತ್ತಿದೆ’ ಎಂದರೆ ಸುಳ್ಳು ಹೇಳುತ್ತಿಲ್ಲ, ಅವರಿಗೆ ಒಂದೇ ಕೇಳುತ್ತಿದೆ. ಕಿವಿ ತುಂಬ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು, ಮಾತು ಶುರುವಾಗುವ ಮೊದಲಿನ ಭಾಗವನ್ನು ನಾಲ್ಕೈದು ಸಲ ಕೇಳಿ. ಒಮ್ಮೆ ಕೆಳಗಿನ ಸ್ವರವನ್ನಷ್ಟೇ ಹಿಂಬಾಲಿಸಿ, ಇನ್ನೊಮ್ಮೆ ಮೇಲಿನದನ್ನು. ಕೆಳಗಿನದು ಮರದ ಪೆಟ್ಟಿಗೆಯೊಳಗಿಂದ ಬಂದಂತೆ ದುಂಡಗೆ ಹುಟ್ಟಿ ಬೇಗ ಅಡಗುತ್ತದೆ. ಮೇಲಿನದು ನಯವಾಗಿ ಎಳೆದುಕೊಂಡು ಹೋಗುತ್ತದೆ. ಇಷ್ಟಾದರೆ ಎರಡೂ ಬೇರೆಯಾಗಿ ನಿಲ್ಲುತ್ತವೆ, ಆಮೇಲೆ ಬೇಕೆಂದರೂ ಒಂದಾಗುವುದಿಲ್ಲ.

ಮೂರನೆಯದೇ ಬಹಳ ಜನರನ್ನು ದಾರಿ ತಪ್ಪಿಸುವುದು: ಈ ಸ್ವರಗಳನ್ನು ಒಂದೇ ಬೇಸ್ ಗಿಟಾರ್‌ನಲ್ಲಿ ನುಡಿಸಲು ಬರುತ್ತದೆ! ಇ ತಂತಿಯ 8ನೇ ಫ್ರೆಟ್‌ನಲ್ಲಿ ಸಿ, ಜಿ ತಂತಿಯ 9ನೇ ಫ್ರೆಟ್‌ನಲ್ಲಿ ಇ. ಒಟ್ಟಿಗೆ ಮೀಟಿ, ಕೈಯನ್ನು 13 ಮತ್ತು 14ಕ್ಕೆ ಜಾರಿಸಿದರೆ ಎಫ್ ಮತ್ತು ಎ. ವೇದಿಕೆಯ ಮೇಲೆ ಒಬ್ಬನೇ ಬೇಸ್ ವಾದಕ ಇರುವಾಗ ಎಲ್ಲರೂ ಮಾಡುವುದು ಇದನ್ನೇ, ಅದರಲ್ಲಿ ತಪ್ಪಿಲ್ಲ. ಅದನ್ನು ನೋಡಿದವರು ‘ಹೀಗೆ ನುಡಿಸಬಹುದು, ಆದ್ದರಿಂದ ಹೀಗೆಯೇ ನುಡಿಸಿದ್ದು’ ಎಂದುಕೊಳ್ಳುತ್ತಾರೆ. ಆಗುತ್ತದೆ ಎಂಬುದು ಬೇರೆ, ಆಗಿದೆ ಎಂಬುದು ಬೇರೆ.

ಆಲಿಸಿದರೆ ವ್ಯತ್ಯಾಸ ಎಲ್ಲಿದೆ? ಜಾರುವಿಕೆಯಲ್ಲೇ ಇದೆ. ಬೇಸ್ ಗಿಟಾರ್‌ನ ತಂತಿಯ ನಾದದುದ್ದ ಸಾಮಾನ್ಯವಾಗಿ 34 ಇಂಚು, ಅಂದರೆ 86 ಸೆಂಟಿಮೀಟರ್ ಚಿಲ್ಲರೆ. ಡಬಲ್ ಬೇಸ್‌ನದು 105 ಸೆಂಟಿಮೀಟರ್ ಆಸುಪಾಸು. ಬೇಸ್ ಗಿಟಾರ್‌ನ ಜಿ ತಂತಿಯಲ್ಲಿ 9ರಿಂದ 14ಕ್ಕೆ ಕೈ ಹೋಗುವ ದೂರ ಸುಮಾರು 13 ಸೆಂಟಿಮೀಟರ್. ಡಬಲ್ ಬೇಸ್‌ನ ಎ ತಂತಿಯಲ್ಲಿ ಸಿ ಇಂದ ಎಫ್‌ವರೆಗೆ ಜಾರಬೇಕಾದರೆ ಸುಮಾರು 22. ತಂತಿ ದಪ್ಪ, ಬೆರಳಿನ ಹಿಡಿತ ಭಾರ, ದೂರ ಹೆಚ್ಚು. ಆ ಕೈ ಹೊರಡುವ ಹದವೇ ಬೇರೆ, ಮುಟ್ಟುವ ಹದವೇ ಬೇರೆ. ಎರಡು ಜಾರುಗಳು ಜೊತೆಗೇ ಹೋಗುತ್ತವೆ, ಆದರೆ ಕೂದಲೆಳೆಯಷ್ಟು ಹಿಂದೆಮುಂದೆ. ಆ ಕೂದಲೆಳೆಯೇ ಹಾಡಿನ ಬೇಸ್‌ಗೆ ಅಗಲ ಕೊಟ್ಟಿರುವುದು. ಒಂದೇ ಕೈಯ ಎರಡು ಬೆರಳು ಜಾರಿದರೆ ಎರಡು ಸ್ವರಗಳ ಜಾರು ಪಡಿಯಚ್ಚು, ನಾದ ಚಪ್ಪಟೆ. ನಿಮ್ಮ ಸ್ವರ ಸರಿಯಿದ್ದೂ ಹಾಡಿನಂತೆ ಕೇಳದಿರುವುದಕ್ಕೆ ಕಾರಣ ಇದು. ತಂತಿಯದ್ದೂ ಕಂಪನಿಯದ್ದೂ ತಪ್ಪಿಲ್ಲ.

‘ಹಾಗಾದರೆ ಹಾರ್ಮನೈಸರ್ ಪೆಡಲ್ ಹಾಕಿದರೆ?’ ಅದೂ ಬೇಡ. ಪೆಡಲ್ ನಿಮ್ಮ ಅದೇ ಮೀಟನ್ನು, ಅದೇ ಜಾರನ್ನು 16 ಅರ್ಧಸ್ವರ ಮೇಲೆ ನಕಲು ಮಾಡುತ್ತದೆ, ಅಂದರೆ ಮತ್ತೆ ಪಡಿಯಚ್ಚು. ಹಾಡಿನಲ್ಲೂ ಇಂಥದ್ದೇ ಏನೋ ಯಂತ್ರ ಇತ್ತು ಎನ್ನುವವರು ಗಮನಿಸಿ: ಡಿಜಿಟಲ್ ಹಾರ್ಮನೈಸರ್ ಸ್ಟುಡಿಯೋಗಳಿಗೆ ಬಂದದ್ದೇ 1970ರ ದಶಕದ ನಡುಭಾಗದಲ್ಲಿ. ಹಾಡು 1972ರದ್ದು.

ಗಾಂಧಾರವನ್ನು ಅದೇ ಸ್ಥಾಯಿಯಲ್ಲಿ ಇಡದೆ ಮುಂದಿನ ಸ್ಥಾಯಿಗೆ ಎತ್ತಿದ್ದೇಕೆ? ಇದು ಬಹಳ ಚಂದದ ವಿಷಯ. 65 ಹರ್ಟ್ಸ್‌ನ ಸಿ ಜೊತೆ 82 ಹರ್ಟ್ಸ್‌ನ ಇ ನುಡಿಸಿ ನೋಡಿ. ನಡುವೆ 17 ಹರ್ಟ್ಸ್ ಮಾತ್ರ ಅಂತರ. ಕಿವಿಗೆ ಎರಡು ಸ್ವರ ಸಿಗುವುದಿಲ್ಲ, ಗೊರಗೊರ ಎನ್ನುವ ಕೆಸರು ಸಿಗುತ್ತದೆ. ಅದೇ ಇ ಸ್ವರವನ್ನು 165ಕ್ಕೆ ಎತ್ತಿದರೆ, ಅದು ಕೆಳಗಿನ ಸಿ ಸ್ವರದ ಎರಡನೆಯ ಮತ್ತು ಮೂರನೆಯ ಅನುಸ್ವರಗಳ (ಸ್ವರದೊಳಗೇ ಅದರ ಎರಡು, ಮೂರು ಪಟ್ಟು ಕಂಪನದಲ್ಲಿ ಮೆಲ್ಲಗೆ ಕೇಳುವ ನಾದಗಳ) ನಡುವಿನ ಖಾಲಿ ಜಾಗದಲ್ಲಿ ಕೂರುತ್ತದೆ. ಅದರ ದುಪ್ಪಟ್ಟು ಸುಮಾರು 330, ಸಿ ಸ್ವರದ ಐದನೆಯ ಅನುಸ್ವರ 327. ಬಹುತೇಕ ಒಂದರ ಮೇಲೊಂದು. ಅದಕ್ಕೇ ಅಷ್ಟು ಸಲೀಸಾಗಿ ಬೆರೆಯುತ್ತದೆ. ಷಡ್ಜವೂ ಗಾಂಧಾರವೂ ಬೇಸ್‌ಗಳಲ್ಲೇ ಸಿಕ್ಕಿದ ಮೇಲೆ ಕಾರ್ಡ್ ಮೇಜರೋ ಮೈನರೋ ಎಂದು ಹೇಳಲು ಬೇರೆ ವಾದ್ಯ ಬೇಕಿಲ್ಲ. ಅಕೂಸ್ಟಿಕ್ ಗಿಟಾರ್ ಸುಮ್ಮನೆ ತಾಳಕ್ಕೆ ಮೀಟಿಕೊಂಡಿರಬಹುದು, ಡ್ರಮ್ಸ್ ಬ್ರಷ್‌ನಲ್ಲೇ ಸಾಗಬಹುದು. ಹಾಡಿನಲ್ಲಿ ಅಷ್ಟೊಂದು ಜಾಗ ಖಾಲಿ ಬಿಟ್ಟಿರುವುದು ಸಾಧ್ಯವಾದದ್ದು ಹೀಗೆ.

ಈಗ ನೀವು ಮಾಡಬೇಕಾದದ್ದು. ಡಬಲ್ ಬೇಸ್ ಇಲ್ಲದಿದ್ದರೆ ಚಿಂತೆಯಿಲ್ಲ, ಒಂದೇ ಬೇಸ್ ಗಿಟಾರ್‌ನಲ್ಲಿ ಎರಡು ಟ್ರ್ಯಾಕ್ ನುಡಿಸಿ. ಕೆಳಗಿನದಕ್ಕೆ ಬ್ರಿಡ್ಜ್ (ತಂತಿಗಳು ಕೂರುವ ಕುದುರೆ) ಹತ್ತಿರ ತಂತಿಗಳ ಅಡಿ ಒಂದು ತುಂಡು ಸ್ಪಂಜು ಸಿಕ್ಕಿಸಿ. ಸ್ವರ ಬೇಗ ಅಡಗಬೇಕು, ಆದರೆ ಪೂರ್ತಿ ಸಾಯಬಾರದು. ಟೋನ್ ಗುಂಡಿ ಅರ್ಧಕ್ಕಿಂತ ಕೆಳಗೆ. ಮೀಟುವುದು ನೆಕ್ ಮುಗಿಯುವ ಜಾಗದಲ್ಲಿ, ಬೆರಳ ತುದಿಯಿಂದಲ್ಲ, ಬೆರಳ ಪಕ್ಕದ ಮಾಂಸಲ ಭಾಗದಿಂದ. ಎ ತಂತಿಯ 3ನೇ ಫ್ರೆಟ್‌ನಿಂದ 8ಕ್ಕೆ ಜಾರಿಸಿ. ಇ ತಂತಿಯ 8 ಮತ್ತು 13ರಲ್ಲೂ ಅದೇ ಸ್ವರಗಳಿವೆ, ಆದರೆ ಅಲ್ಲಿ ತಂತಿ ದಪ್ಪ, ನಾದ ಮಬ್ಬು. ಹಾಡಿನ ಉದ್ದಕ್ಕೂ ಇದೊಂದನ್ನೇ ಪೂರ್ತಿ ನುಡಿಸಿ ಮುಗಿಸಿ. ನಾಲ್ಕು ಮಾತ್ರೆ ನುಡಿಸಿ ನಕಲು ಅಂಟಿಸಿದರೆ ಮೇಲೆ ಹೇಳಿದ ಕೂದಲೆಳೆ ಅಲ್ಲೇ ಕಳೆದುಹೋಗುತ್ತದೆ.

ಎರಡನೆಯ ಟ್ರ್ಯಾಕ್‌ಗೆ ಸ್ಪಂಜು ತೆಗೆಯಿರಿ, ಮತ್ತೆ ಶ್ರುತಿ ಮಾಡಿ. ಸ್ಪಂಜು ಹಾಕಿ ತೆಗೆದ ಮೇಲೆ ಶ್ರುತಿ ಕದಲಿರುತ್ತದೆ, ಟೆಂತ್ ಅಂತರದಲ್ಲಿ ಅದು ಕೂಡಲೇ ಸಿಕ್ಕಿಬೀಳುತ್ತದೆ. ಜಿ ತಂತಿಯ 9ರಿಂದ 14. ಒಮ್ಮೆ ಮೀಟಿ, ಒತ್ತಡ ಬಿಡದೆ ಜಾರಿ, ಕೆಳಗಿನ ಟ್ರ್ಯಾಕ್ ಮುಟ್ಟುವ ಹೊತ್ತಿಗೆ ಮುಟ್ಟಿ. ಬಹಳ ಜನ ಎಡವುವುದು ಇಲ್ಲೇ: ಹೊರಡುವ ಆತುರದಲ್ಲಿ ಮೊದಲ ಸ್ವರವನ್ನು ನಿಲ್ಲಲು ಬಿಡುವುದಿಲ್ಲ. ಸ್ವರ ನಿಂತು, ಆಮೇಲೆ ಜಾರಬೇಕು. ಒತ್ತಡ ಹೆಚ್ಚಾದರೆ ಫ್ರೆಟ್‌ಗಳು ಟರ್ ಎಂದು ಏಣಿಯ ಮೆಟ್ಟಿಲಿನಂತೆ ಕೇಳುತ್ತವೆ, ಕಡಿಮೆಯಾದರೆ ದಾರಿಯಲ್ಲೇ ನಾದ ಕಮರುತ್ತದೆ. ಫ್ರೆಟ್‌ಲೆಸ್ ಇದ್ದರೆ ಈ ಟ್ರ್ಯಾಕ್‌ಗೆ ಬಳಸಿ, ಜಾರು ನಯವಾಗುತ್ತದೆ. ಆದರೆ 14ರ ಗೆರೆಯ ಮೇಲೆ ಬೆರಳು ಕರಾರುವಾಕ್ಕಾಗಿ ಕೂರದಿದ್ದರೆ ಧೈವತ ಬೇಸುರಾಗುತ್ತದೆ. ಮಿಕ್ಸ್ ಮಾಡುವಾಗ ಮೇಲಿನ ಟ್ರ್ಯಾಕ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಅಲ್ಲಿ ಬೆರಳು ತಾಗಿದ ಸದ್ದು ಬಿಟ್ಟರೆ ಏನೂ ಇಲ್ಲ. ಅದರ ಮಟ್ಟ ಕೆಳಗಿನದಕ್ಕಿಂತ ಸ್ವಲ್ಪ ತಗ್ಗಿರಲಿ.

ಎರಡು ಬೇಸ್ ಎಂದು ಒಪ್ಪಿಕೊಂಡವರು ಮರುಕ್ಷಣ ಇನ್ನೊಂದು ಮಾತು ಎತ್ತುತ್ತಾರೆ: ‘ಅದೆಲ್ಲ ದುಡ್ಡಿಗಾಗಿ ಮಾಡಿದ್ದಂತೆ.’ ಇದಕ್ಕೆ ಆಧಾರವಿದೆ. ಸೆಷನ್ ವಾದಕ ಒಂದೇ ಹಾಡಿಗೆ ಎರಡನೆಯ ವಾದ್ಯ ನುಡಿಸಿದರೆ ಸಂಭಾವನೆ ಹೆಚ್ಚು ಸಿಗುತ್ತಿತ್ತು, ಅದಕ್ಕೇ ಎರಡನೆಯ ಬೇಸ್ ಸೂಚಿಸಿದೆ ಎಂದು ಫ್ಲವರ್ಸ್ ಅವರೇ 2005ರಲ್ಲಿ ಬಿಬಿಸಿ ರೇಡಿಯೋ 4ರಲ್ಲಿ ಹೇಳಿದ್ದಾರೆ. ಸಿಕ್ಕಿದ್ದು ಒಟ್ಟು 17 ಪೌಂಡ್. ಆದರೆ ಹೆಚ್ಚಿನ ಸಂಭಾವನೆಗೆ ಎರಡನೆಯ ವಾದ್ಯ ಸಾಕಿತ್ತು. ಅದರಲ್ಲಿ ಮೊದಲನೆಯದನ್ನೇ ಹಾಗೇ ನುಡಿಸಿದ್ದರೂ ಲೆಕ್ಕ ಚುಕ್ತಾ. ಟೆಂತ್ ಆರಿಸಿಕೊಂಡದ್ದಕ್ಕೆ ಯಾರೂ ಒಂದು ಪೆನ್ನಿ ಹೆಚ್ಚು ಕೊಡುತ್ತಿರಲಿಲ್ಲ. ಮರುವರ್ಷ ಬಂದ ಡೇವಿಡ್ ಎಸೆಕ್ಸ್ ಅವರ ‘ರಾಕ್ ಆನ್’ ಹಾಡಿನಲ್ಲೂ ಇಡೀ ಹಾಡನ್ನು ಹೊತ್ತಿರುವುದು ಇದೇ ಕೈಯ ಬೇಸ್. ಸಂಭಾವನೆಯ ನಿಯಮ ಲಂಡನ್ನಿನ ಎಲ್ಲ ಸೆಷನ್ ವಾದಕರಿಗೂ ಒಂದೇ ಇತ್ತು, ಇಂಥ ಬೇಸ್ ಎಲ್ಲರಿಂದಲೂ ಬರಲಿಲ್ಲ.

ಯಾರೂ ಕೇಳದ, ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಜನ ಹಾಡನ್ನು ಗುರುತಿಸುವುದೇ ಬೇಸ್‌ನಿಂದ, ಹಾಗಿದ್ದೂ ರಚನೆಕಾರರಲ್ಲಿ ಫ್ಲವರ್ಸ್ ಹೆಸರು ಏಕಿಲ್ಲ? ರಚನೆ ಎಂದರೆ ಸಾಹಿತ್ಯ, ರಾಗದ ಎಳೆ, ಅದರ ಚೌಕಟ್ಟು. ಅವು ಲೂ ರೀಡ್ ಅವರವು, ಅವು ಇಲ್ಲದೆ ಬೇಸ್‌ಗೆ ನಿಲ್ಲಲು ನೆಲವಿಲ್ಲ. ಕರೆಸಿದ ವಾದಕ ಸ್ಟುಡಿಯೋದಲ್ಲಿ ಹುಟ್ಟಿಸಿದ ಭಾಗವನ್ನು ಆ ಕಾಲದ ಪದ್ಧತಿ ವಾದನ ಎಂದು ಎಣಿಸಿತು, ಸಂಭಾವನೆಯೊಂದಿಗೆ ಅದರ ಲೆಕ್ಕ ಮುಗಿಯಿತು. 1990ರಲ್ಲಿ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡ ‘ಕ್ಯಾನ್ ಐ ಕಿಕ್ ಇಟ್’ ಹಾಡಿಗೆ ಇದೇ ಬೇಸನ್ನು ಎತ್ತಿಕೊಂಡಾಗಲೂ ರಚನೆಯ ಪಾಲು ಹೋದದ್ದು ರೀಡ್ ಅವರಿಗೆ. ಫ್ಲವರ್ಸ್‌ಗೆ ಈ ಭೇದ ಹೊಸದಾಗಿರಲಿಲ್ಲ. ನಟ ಕ್ಲೈವ್ ಡನ್ ಹಾಡಿದ ‘ಗ್ರ್ಯಾಂಡ್‌ಡ್ಯಾಡ್’ ಹಾಡಿನ ರಚನೆಕಾರರಲ್ಲಿ ಅವರೂ ಒಬ್ಬರು. 1971ರ ಜನವರಿಯಲ್ಲಿ ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲನೆಯ ಸ್ಥಾನದಲ್ಲಿತ್ತು, ಟ್ರೈಡೆಂಟ್‌ಗೆ ಅವರು ಎರಡು ಬೇಸ್ ನುಡಿಸಲು ಬಂದದ್ದು ಅದಾದ ಮರುವರ್ಷ.