ಥರ್ಟೀನ್ ಎಂದರೆ 31 ಬರೆಯುವ ಮಗು

ಹಾಸನದ ಸುತ್ತಲಿನ ಕನ್ನಡ ಶಾಲೆಗಳಲ್ಲಿ ‘ಥರ್ಟೀನ್’ ಎಂದು ಉಕ್ತಲೇಖನ ಕೊಟ್ಟರೆ ಕೆಲವು ಮಕ್ಕಳು 31 ಎಂದೂ, ಇನ್ನು ಕೆಲವರು 30 ಎಂದೂ ಬರೆಯುತ್ತಾರೆ. ಇಂಗ್ಲಿಷ್ ಕಲಿಸುವ ಶಿಕ್ಷಕರಿಗೆ ತರಬೇತಿ ನೀಡುವ ನಾನು ಎಷ್ಟೋ ನೋಟ್‌ಬುಕ್ಕುಗಳಲ್ಲಿ ಇವೆರಡರ ಮೇಲೂ ಒಂದೇ ಬಗೆಯ ಕೆಂಪು ಗೆರೆಯನ್ನು ಕಂಡಿದ್ದೇನೆ. ಆದರೆ ಇವೆರಡರ ಮೂಲ ಬೇರೆ, ಮದ್ದೂ ಬೇರೆ.

31 ಬರೆದ ಮಗು ದಡ್ಡ ಮಗುವಲ್ಲ. ಕಿವಿಗೆ ಬಿದ್ದ ಕ್ರಮದಲ್ಲಿಯೇ ಬರೆದಿದೆ. ಕನ್ನಡದ ಹದಿಮೂರರಲ್ಲಿ ಹತ್ತು ಮೊದಲು, ಮೂರು ಆಮೇಲೆ; ಇಪ್ಪತ್ತಮೂರರಲ್ಲಿಯೂ ಹಾಗೆಯೇ, ಅಂಕಿಯಲ್ಲಿ ಬರೆಯುವಾಗಲೂ ಹಾಗೆಯೇ. ಇಂಗ್ಲಿಷಿನಲ್ಲಿ ಮಾತ್ರ 13ರಿಂದ 19ರವರೆಗಿನ ಏಳು ಪದಗಳು ಬಿಡಿಯನ್ನು ಮೊದಲು ಹೇಳಿ ಹತ್ತನ್ನು ಕೊನೆಗೆ ತರುತ್ತವೆ, ಇಪ್ಪತ್ತು ದಾಟಿದ ಮೇಲೆ ಅದೂ ನಮ್ಮ ದಾರಿಗೆ ಬರುತ್ತದೆ. ಇಲೆವೆನ್, ಟ್ವೆಲ್ವ್ ಎಂಬವು ಹತ್ತು ಕಳೆದು ಒಂದು ಉಳಿಯಿತು, ಎರಡು ಉಳಿಯಿತು ಎಂಬ ಅರ್ಥದ ಹಳೆಯ ರೂಪಗಳಿಂದ ಬಂದವು. ಮಕ್ಕಳು ಅವನ್ನು ಬಾಯಿಪಾಠ ಮಾಡುವುದೇ ಸರಿ. ಆದ್ದರಿಂದ ಹತ್ತರವರೆಗೆ ಕಲಿಸಿದ ಮೇಲೆ ನೇರವಾಗಿ ಇಪ್ಪತ್ತರ ಸಾಲಿಗೆ ಹೋಗಿ, ಹತ್ತರ ಸ್ಥಾನ ಮೊದಲು ಎಂಬುದು ಗಟ್ಟಿಯಾದ ಬಳಿಕ ಹಿಂದಿರುಗಿ ಹನ್ನೊಂದರಿಂದ ಹತ್ತೊಂಬತ್ತನ್ನು ಕಲಿಸಿರಿ ಎಂದು ನಾನು ಹೇಳುತ್ತೇನೆ. ಎಣಿಕೆಯ ಮಧ್ಯೆ ಹಾರುವುದೇ ಎಂದು ಆಕ್ಷೇಪಿಸುವ ಶಿಕ್ಷಕರಿದ್ದಾರೆ. ಈ ಮಕ್ಕಳಿಗೆ ಎಣಿಕೆ ಕನ್ನಡದಲ್ಲಿ ಮೊದಲೇ ಬರುತ್ತದೆ. ಅವರು ಕಲಿಯುತ್ತಿರುವುದು ಹೆಸರುಗಳನ್ನಷ್ಟೇ.

30 ಬರೆದ ಮಗುವಿನ ತೊಡಕು ಕಿವಿಯದು. ‘ಟೀನ್’ ದೀರ್ಘ, ‘ಟಿ’ ಹ್ರಸ್ವ; ಬೀಡು–ಬಿಡು ಎಂಬ ಭೇದವನ್ನು ಬಲ್ಲ ಕನ್ನಡದ ಕಿವಿಗೆ ಇದು ಕಷ್ಟವಾಗಬಾರದು. ಆದರೆ ತರಗತಿಯೆಲ್ಲ ಒಟ್ಟಾಗಿ ಎಣಿಕೆ ಹೇಳುವಾಗ ಒತ್ತು ಪದದ ಮೊದಲ ಭಾಗಕ್ಕೆ ಬೀಳುತ್ತದೆ, ಕೊನೆಯ ‘ನ್’ ಗದ್ದಲದಲ್ಲಿ ಕರಗಿಹೋಗುತ್ತದೆ. ಪದವನ್ನು ಬಿಡಿಯಾಗಿ, ಕೊನೆಗೆ ಒತ್ತುಕೊಟ್ಟು ಹೇಳಿಸಬೇಕು. ಇದಕ್ಕೆ ವಾಹನಗಳ ಫಲಕಕ್ಕಿಂತ ಒಳ್ಳೆಯ ಪಾಠೋಪಕರಣ ನನಗೆ ಸಿಕ್ಕಿಲ್ಲ. ಕೆಎ 13 ನಮ್ಮ ಹಾಸನ, ಕೆಎ 30 ಕಾರವಾರ. ಕೆಎ 14 ಶಿವಮೊಗ್ಗ, ಕೆಎ 40 ಚಿಕ್ಕಬಳ್ಳಾಪುರ. ‘ಥರ್ಟಿ’ ಎಂದು ತಪ್ಪಿ ಹೇಳಿದವನ ಬಸ್ಸು ಘಟ್ಟ ಇಳಿದು ಕಾರವಾರ ಸೇರಿತೆಂದು ತರಗತಿ ನಗುತ್ತದೆ, ಆ ನಗುವಿನ ನಂತರ ‘ನ್’ ಅನ್ನು ಯಾರೂ ನುಂಗುವುದಿಲ್ಲ. (ಚಿಕ್ಕಮಗಳೂರಿನ ಕೆಎ 18ಕ್ಕೆ ಇಂಥ ಜೋಡಿ ಇಲ್ಲದಿರುವುದು ಅಲ್ಲಿಯ ಶಿಕ್ಷಕರಿಗೆ ಸ್ವಲ್ಪ ನಷ್ಟವೇ.)

ಬರವಣಿಗೆಯಲ್ಲಿ ಹೆಚ್ಚು ಅಂಕ ಕಳೆಯುವ ಪದ ‘ಫಾರ್ಟಿ’. ಫೋರ್, ಫೋರ್ಟೀನ್ ಎರಡರಲ್ಲಿಯೂ ಇರುವ ಯು ಅಕ್ಷರ ಇದರಲ್ಲಿ ಇಲ್ಲ. ನಿಯಮ ಹೇಳುವ ಬದಲು ನಾನು ಕಪ್ಪುಹಲಗೆಯ ಮೇಲೆ ನಾಲ್ಕು, ಹದಿನಾಲ್ಕು, ನಲವತ್ತು ಎಂದು ಬರೆಯುತ್ತೇನೆ. ಹದಿನಾಲ್ಕರಲ್ಲಿ ಇಡಿಯಾಗಿ ಉಳಿದ ನಾಲ್ಕು ನಲವತ್ತರಲ್ಲಿ ಸೊರಗಿರುವುದನ್ನು ಮಕ್ಕಳೇ ಗುರುತಿಸುತ್ತಾರೆ. ಎಂಟರ ಟಕಾರ ಹದಿನೆಂಟರಲ್ಲಿ ಉಳಿದು ಎಂಬತ್ತರಲ್ಲಿ ಬಿದ್ದುಹೋದಂತೆ, ಏಟ್ ಎಂಬುದಕ್ಕೆ ಟೀನ್ ಆಗಲಿ ಟಿ ಆಗಲಿ ಸೇರುವಾಗ ಎರಡು ಟಿಗಳಲ್ಲಿ ಒಂದು ಬೀಳುತ್ತದೆ. ನೈಂಟಿಯಲ್ಲಿ ಇ ಉಳಿಯುತ್ತದೆ, ನೈಂತ್‌ನಲ್ಲಿ ಹೋಗುತ್ತದೆ. ಟ್ವೆಂಟಿ ಒನ್‌ನಿಂದ ನೈಂಟಿ ನೈನ್‌ವರೆಗಿನ ಜೋಡಿಪದಗಳ ನಡುವೆ ಚಿಕ್ಕ ಅಡ್ಡಗೆರೆ ಬೇಕು.

ಒಂದರಿಂದ ನೂರರವರೆಗೆ ಹತ್ತು ಸಲ ಬರೆದುಕೊಂಡು ಬಾ ಎಂಬ ಶಿಕ್ಷೆಯನ್ನು ನಾನು ಒಪ್ಪುವುದಿಲ್ಲ. ಮೂರನೆಯ ಸಲಕ್ಕೆ ಕೈ ಮಾತ್ರ ಬರೆಯುತ್ತಿರುತ್ತದೆ. ಅದರ ಬದಲು, ಈ ನೂರು ಪದಗಳಲ್ಲಿ ಎ ಅಕ್ಷರ ಎಲ್ಲಿದೆ ಹುಡುಕಿ ಎಂದು ಹೇಳಿರಿ. ಮಕ್ಕಳು ಒಂದೊಂದು ಸ್ಪೆಲ್ಲಿಂಗನ್ನೂ ಬೆರಳಿಟ್ಟು ಪರೀಕ್ಷಿಸುತ್ತಾ ನೂರನ್ನು ಮುಗಿಸುತ್ತಾರೆ, ಎಲ್ಲಿಯೂ ಸಿಗುವುದಿಲ್ಲ; ‘ಒನ್ ಹಂಡ್ರೆಡ್ ಅಂಡ್ ಒನ್’ ಎಂದು ಬರೆದಾಗ ಆ ನಡುವಿನ ‘ಅಂಡ್’ನಲ್ಲಿ ಮೊದಲ ಎ ಕಾಣಿಸುತ್ತದೆ.