ಚೇಂಜ್‌ಓವರ್ ಸ್ವಿಚ್: ಮೊದಲು ಇಂಟರ್‌ಲಾಕ್, ಆಮೇಲೆ ವೇಗ

ಕರೆಂಟ್ ಹೋದಾಗ ಲೋಡನ್ನು ಜನರೇಟರ್‌ಗೆ ಬದಲಿಸುವ ಸ್ವಿಚ್‌ಗಳಲ್ಲಿ ಯಾವುದು ಬೇಗ ಬದಲಾಗುತ್ತದೆ ಅಂತಲೇ ನಾನೂ ಮೊದಲು ಹುಡುಕಿದ್ದು. ಅದು ಎರಡನೇ ಪ್ರಶ್ನೆ. ಬೆಸ್ಕಾಂ ಲೈನೂ ಜನರೇಟರೂ ಒಂದಕ್ಕೊಂದು ಸೇರದ ಹಾಗೆ ತಡೆಯುವುದು ಏನು ಅನ್ನೋದು ಮೊದಲನೆಯದು. ಆ ತಡೆಯೇ ಇಂಟರ್‌ಲಾಕ್.

ಬೀದಿಯ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು 433ಕ್ಕೆ ಇಳಿಸುತ್ತದೆ. ಜನರೇಟರ್ ಕರೆಂಟ್ ಹಿಂದಕ್ಕೆ ನುಗ್ಗಿದರೆ ಅದೇ ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸಬಹುದು. ಲೈನ್ ಆಫ್ ಇದೆ ಅಂತ ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೇ ಅಪಾಯ.

ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಕೈಯಿಂದ ತಿರುಗಿಸುವ ಚೇಂಜ್‌ಓವರ್ ಇರುತ್ತದೆ. ಹಿಡಿಕೆ ಒಂದೇ. ಒಂದು ಅಂದರೆ ಲೈನ್, ಎರಡು ಅಂದರೆ ಜನರೇಟರ್; ಒಂದರಿಂದ ಎರಡಕ್ಕೆ ಹೋಗಲು ನಡುವಿನ ಸೊನ್ನೆ, ಅಂದರೆ ಆಫ್, ದಾಟಲೇಬೇಕು. ಎರಡೂ ಕಡೆ ಒಟ್ಟಿಗೆ ಸೇರಲು ದಾರಿಯೇ ಇಲ್ಲ. ಅಗ್ಗ, ಗಟ್ಟಿ, ಆದರೆ ತಿರುಗಿಸಲು ಯಾರಾದರೂ ಅಲ್ಲಿರಬೇಕು.

ಅಪಾರ್ಟ್‌ಮೆಂಟ್‌ಗಳಲ್ಲಿ ಆ ಕೆಲಸ ಎಎಂಎಫ್ (ಆಟೋ ಮೇನ್ಸ್ ಫೇಲ್ಯೂರ್) ಪ್ಯಾನೆಲ್‌ನದು, ಕರೆಂಟ್ ಹೋದರೆ ಅದೇ ಜನರೇಟರ್ ಸ್ಟಾರ್ಟ್ ಮಾಡಿ ಲೋಡ್ ಬದಲಿಸುತ್ತದೆ. ಸಪ್ಲೈ ಪೂರ್ತಿ ಆಫ್ ಮಾಡಿದ ಪ್ಯಾನೆಲ್ ಒಂದನ್ನು ನಮಗೆ ತೆರೆದು ತೋರಿಸಿದರು. ಅಕ್ಕಪಕ್ಕ ಎರಡು ಕಾಂಟಾಕ್ಟರ್ (ಕಾಯಿಲ್‌ನ ಅಯಸ್ಕಾಂತದ ಬಲದಿಂದ ಸೇರುವ ಸ್ವಿಚ್), ನಡುವೆ ಬೆರಳಗಲದ ಇಂಟರ್‌ಲಾಕ್. ಒಂದನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಹಿಡಿದೆ, ಇನ್ನೊಂದು ಎಷ್ಟು ಒತ್ತಿದರೂ ಒಳಗೆ ಹೋಗಲಿಲ್ಲ. ಕಾಯಿಲ್ ವೈರಿಂಗ್‌ನಲ್ಲೂ ಇಂಥದೇ ತಡೆ ಇದೆ. ಒಂದು ತಡೆ ಕೈಕೊಟ್ಟರೆ ಇನ್ನೊಂದು ಕಾಪಾಡುತ್ತದೆ.

ಕರೆಂಟ್ ಹೋದ ಮೇಲೆ ಎಂಜಿನ್ ಸ್ಟಾರ್ಟ್ ಆಗಿ, ವೋಲ್ಟೇಜ್ ಸ್ಥಿರವಾಗಿ, ಲೋಡ್ ಬರಲು ಸಾಮಾನ್ಯವಾಗಿ 10-15 ಸೆಕೆಂಡ್. ಲೈನ್ ವಾಪಸ್ ಬಂದರೂ ಪ್ಯಾನೆಲ್ ಕೂಡಲೇ ಅದಕ್ಕೆ ಬದಲಾಗುವುದಿಲ್ಲ, ಟೈಮರ್ ಕಾಯುತ್ತದೆ. ನಮ್ಮ ಮಳೆಗಾಲದಲ್ಲಿ ಬಂದ ಕರೆಂಟ್ ನಿಮಿಷದಲ್ಲೇ ಮತ್ತೆ ಹೋಗುತ್ತದೆ, ಅಲ್ವಾ? ಲೋಡ್ ಬಿಟ್ಟ ಮೇಲೂ ಎಂಜಿನ್ ತಣ್ಣಗಾಗಲು ಸ್ವಲ್ಪ ಹೊತ್ತು ಓಡುತ್ತದೆ.

ಸ್ಟ್ಯಾಟಿಕ್ ಸ್ವಿಚ್‌ನಲ್ಲಿ ಚಲಿಸುವ ಭಾಗವಿಲ್ಲ, ಥೈರಿಸ್ಟರ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್‌ಗಳಿವೆ. ಸುಮಾರು ಎಸಿ ಕರೆಂಟಿನ ಕಾಲು ಸೈಕಲ್, ಅಂದರೆ 5 ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ. ಹಾಗಂತ ಇದನ್ನು ವೇಗದ ಎಎಂಎಫ್ ಅಂದುಕೊಳ್ಳಬೇಡಿ. ಎರಡೂ ಸಪ್ಲೈ ಆಗಲೇ ಜೀವಂತ ಇದ್ದರೆ ಮಾತ್ರ ಇದಕ್ಕೆ ಕೆಲಸ. ನಿಂತಿರುವ ಜನರೇಟರನ್ನು ಅದು 5 ಮಿಲಿಸೆಕೆಂಡಿನಲ್ಲಿ ಎಬ್ಬಿಸಲಾರದು. ಅದಕ್ಕೇ ಡೇಟಾ ಸೆಂಟರ್‌ಗಳಲ್ಲಿ ಯುಪಿಎಸ್ ಜೊತೆ ಕಾಣುತ್ತದೆ.

ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರನ್ನು, ಮರೆಯಬೇಡಿ. ಸ್ವಿಚ್ ಒಟ್ಟಿಗೆ ಬದಲಿಸುವ ಒಂದೊಂದು ವೈರಿಗೂ ಒಂದು ಪೋಲ್. ಮನೆಯ ಸಿಂಗಲ್ ಫೇಸ್‌ಗೆ ಎರಡು ಪೋಲ್, ತ್ರೀ ಫೇಸ್‌ಗೆ ನಾಲ್ಕು ಪೋಲ್ ಇದ್ದರೆ ನ್ಯೂಟ್ರಲ್ ಕೂಡ ಬದಲಾಗುತ್ತದೆ. ಜನರೇಟರ್ ನ್ಯೂಟ್ರಲ್‌ಗೆ ಅದರದೇ ಅರ್ಥಿಂಗ್ ಇದ್ದು, ಎರಡೂ ನ್ಯೂಟ್ರಲ್ ಸೇರಿಕೊಂಡೇ ಉಳಿದರೆ, ಕರೆಂಟ್ ವಾಪಸ್ ಹೋಗಲು ಎರಡು ದಾರಿ ಆಗುತ್ತದೆ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ವ್ಯತ್ಯಾಸ ಕಂಡರೆ ಸಪ್ಲೈ ಕಡಿಯುವ ಆರ್‌ಸಿಸಿಬಿ ಸುಮ್ನೆ ಸುಮ್ನೆ ಟ್ರಿಪ್ ಆಗುತ್ತಿದ್ದರೆ ಇದನ್ನೂ ಒಮ್ಮೆ ನೋಡಿ.